ಚಿಕ್ಕಪ್ಪ ಬಿಗಿ ಮಾಡಿದ್ದ ಕಾಲೆಟ್

ತೇಗದ ಮರ ಯಂತ್ರದ ಬಾಯಿಗೆ ಸಿಕ್ಕಿ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಪೂರ್ತಿ ಸುಟ್ಟದ್ದೂ ಅಲ್ಲದ, ಎಣ್ಣೆಯ ಜಿಡ್ಡು ಬೆರೆತ ಒಗರು ವಾಸನೆ. ಅಪ್ಪ ತೀರಿಕೊಂಡ ಮರುವರ್ಷ, ನನ್ನ ಪುಸ್ತಕದ ಕಪಾಟಿನ ಹಲಗೆಗಳಿಗೆ ಅಂಚು ಕೊರೆಯೋಣವೆಂದು ಅವರ ಹಳೆಯ ರೌಟರನ್ನು ಪೆಟ್ಟಿಗೆಯಿಂದ ತೆಗೆದು ಚಾಲೂ ಮಾಡಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಕೃಷ್ಣಮೂರ್ತಿಪುರಂನ ನಮ್ಮ ಹೆಂಚಿನ ಮನೆ, ಹಿತ್ತಲಿನ ಶೆಡ್ಡು, ಭಾನುವಾರದ ಬೆಳಗು ಎಲ್ಲ ಒಟ್ಟಿಗೇ ಕಣ್ಮುಂದೆ ಬಂದವು. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದು ಹೋಗಿದ್ದರೆ ಗೊತ್ತಿರುತ್ತದೆ: ಆ ರಸ್ತೆಗೆ ತಿರುಗಿದ ಕೂಡಲೇ ಕಾಲು ಇವತ್ತಿಗೂ ತಾನಾಗಿ ನಿಧಾನವಾಗುತ್ತದೆ.

ಅಪ್ಪ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರ ತಮ್ಮ, ನನ್ನ ಚಿಕ್ಕಪ್ಪ, ಅಂಚೆ ಕಚೇರಿಯಲ್ಲಿ ಗುಮಾಸ್ತರು. ಇಬ್ಬರಿಗೂ ಮರಗೆಲಸದ ಹುಚ್ಚು. ಮುಚ್ಚಿಹೋದ ಕಾರ್ಖಾನೆಯೊಂದರಿಂದ ಆ ರೌಟರನ್ನು ಇಬ್ಬರೂ ಸೇರಿ ತಂದಿದ್ದರು. ಗಿರ್ರನೆ ತಿರುಗುವ ಅಲಗಿನಿಂದ ಮರದ ಅಂಚಿಗೆ ಚೆಂದದ ಬಳುಕು ಕೊಡುವ ಯಂತ್ರ ಅದು. ಆ ಅಲಗಿಗೆ ಬಿಟ್ ಅನ್ನುತ್ತಾರೆ. ಬಿಟ್ಟಿನ ಹಿಂಬದಿಯ ಕಡ್ಡಿಯನ್ನು ಕಚ್ಚಿ ಹಿಡಿಯುವ, ಸೀಳುಗಳಿರುವ ಪುಟ್ಟ ಉಕ್ಕಿನ ಕೊಳವೆಗೆ ಕಾಲೆಟ್ ಅನ್ನುತ್ತಾರೆ. ಬಿಟ್ ತೊಡಿಸಿ ಬಿಗಿ ಮಾಡುವುದು ಚಿಕ್ಕಪ್ಪನ ಕೆಲಸ, ಯಂತ್ರ ಹಿಡಿದು ಓಡಿಸುವುದು ಅಪ್ಪನದು. ಭಾನುವಾರವೆಲ್ಲ ನೆಂಟರಿಷ್ಟರ ದೇವರ ಪಟಗಳಿಗೆ ಕಟ್ಟು ಮಾಡುತ್ತಿದ್ದರು. ಒಣಹಾಕಿದ ಸಂಡಿಗೆಯ ಮೇಲೆಲ್ಲ ಮರದ ಹುಡಿ ಕೂರುತ್ತದೆಂದು ಅಮ್ಮನೂ ಚಿಕ್ಕಮ್ಮನೂ ಗೊಣಗುತ್ತಿದ್ದರು. ನಾನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ಆ ಸದ್ದಿನಲ್ಲಿ ಚಿಕ್ಕಪ್ಪ ಕೂಗಿ ಒಂದು ಕೇಳಿದರೆ ಅಪ್ಪ ಕೂಗಿ ಇನ್ನೊಂದಕ್ಕೆ ಉತ್ತರ ಹೇಳುವರು. ಆಮೇಲೆ ಯಂತ್ರ ನಿಲ್ಲಿಸಿ ಇಬ್ಬರೂ ನಗುವರು.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಚಿಕ್ಕಪ್ಪ ಹೊಸದಾಗಿ ಕೊಂಡು ತಂದ ಬಿಟ್ ತೊಡಿಸಿದರು. ಸ್ಪ್ಯಾನರ್ ಹಿಡಿದು ಹಲ್ಲು ಕಚ್ಚಿ ಬಿಗಿ ಮಾಡಿದ್ದನ್ನು ನಾನೇ ನೋಡಿದ್ದೆ. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಬದಲಾಯಿತು. ಬಿಟ್ ಕಳಚಿ ಹಾರಿ ಅಪ್ಪನ ಬಲಗೈಯನ್ನು ಸೀಳಿತು. ಗಾಯವೇನೋ ಮಾಯಿತು, ಎರಡು ಬೆರಳುಗಳನ್ನು ಮಾತ್ರ ಮತ್ತೆಂದೂ ಪೂರ್ತಿ ಮಡಚಲಾಗಲಿಲ್ಲ. ಅಪ್ಪ ಯಾರಿಗೂ ಏನೂ ಅನ್ನಲಿಲ್ಲ. ಅಜ್ಜಿ ಒಂದೇ ಸಲ, "ಸರಿಯಾಗಿ ಬಿಗಿ ಮಾಡ್ಬಾರ್ದಿತ್ತೇನೋ?" ಎಂದರು. "ಮಾಡಿದ್ದೆ ಕಣಮ್ಮ," ಅಂದರು ಚಿಕ್ಕಪ್ಪ. ಆ ಮಾತಿಗೆ ಮನೆಯಲ್ಲಿ ಯಾರೂ ಹೂಂ ಅನ್ನಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಅವರು ಚಿಕ್ಕಮ್ಮನನ್ನು ಕರೆದುಕೊಂಡು ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಬೇರೆ ಮನೆ ಮಾಡಿದರು. ಹಬ್ಬಕ್ಕೆ ಬಂದರೆ ಊಟ ಮಾಡಿ ಹೊರಟುಬಿಡುವರು. ಅಪ್ಪ ಆ ಎರಡು ಬೆರಳುಗಳನ್ನು ಚಾಚಿಕೊಂಡೇ ಅನ್ನ ಕಲಸುವಾಗ ಚಿಕ್ಕಪ್ಪ ತಮ್ಮ ಎಲೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅಜ್ಜಿ ಹೋದರು, ಅಮ್ಮ ಹೋದರು, ಮನೆ ಮಾರಿದ್ದಾಯಿತು. ಆಮೇಲೆ ಅಣ್ಣತಮ್ಮಂದಿರು ಭೇಟಿಯಾಗುತ್ತಿದ್ದದ್ದು ಮದುವೆ ಮನೆಗಳಲ್ಲಷ್ಟೇ.

ಈಗ ನನ್ನ ಕೈಯಲ್ಲೂ ಬಿಟ್ ನಿಲ್ಲಲಿಲ್ಲ. ಹೊಸ ಬಿಟ್ಟನ್ನು ಎಷ್ಟು ಬಿಗಿದರೂ ಜಾರಿ ಕೆಳಗಿಳಿದು ಹಲಗೆಯನ್ನು ಆಳಕ್ಕೆ ತೋಡತೊಡಗಿತು. ಹೆದರಿ ನಿಲ್ಲಿಸಿದೆ. ಕಾಲೆಟ್ ಸವೆದಿರಬೇಕು, ಬೇರೆ ಹಾಕಿಸಿದರಾಯಿತೆಂದು ಯಂತ್ರವನ್ನು ಚೀಲದಲ್ಲಿ ಹೊತ್ತು ಮಂಡಿ ಮೊಹಲ್ಲಾಕ್ಕೆ ಹೋದೆ. ಹೋದ ಅಂಗಡಿಗಳಲ್ಲೆಲ್ಲ ತಲೆ ಅಲ್ಲಾಡಿಸಿದರು. ಕೊನೆಗೊಬ್ಬ ಅಂಗಡಿಯವರು, "ಈ ಮಾಡೆಲ್ ಬಂದ್ ಆಗಿ ಎಷ್ಟೋ ಕಾಲ ಆಯ್ತು ಮೇಡಂ. ಬೇರೆ ಕಂಪನೀದು ಏನಾದ್ರೂ ಕೂರುತ್ತಾ ನೋಡಾಣ, ಇರಿ," ಎಂದು ಒಂದು ಡಬ್ಬ ಸುರಿದರು. ಒಂದರ ಹೊರಮೈಯ ಇಳಿಜಾರು ಹೊಂದಲಿಲ್ಲ, ಇನ್ನೊಂದು ಕೂತರೂ ಅದನ್ನು ಬಿಗಿಯುವ ನಟ್ ಹಿಡಿಯಲಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಅಳತೆ ಬೇಕಾದೀತೆಂದು ವರ್ನಿಯರ್ ಕ್ಯಾಲಿಪರ್ಸ್ ಒಯ್ದಿದ್ದೆ. ಹಳೆಯ ಕಾಲೆಟ್ಟಿನ ರಂಧ್ರ ಸರಿಯಾಗಿ ಕಾಲು ಇಂಚು, ಸವೆದೇ ಇರಲಿಲ್ಲ. ಬಿಟ್ಟಿನ ಕಡ್ಡಿ ಆರು ಮಿಲಿಮೀಟರ್. ಕಾಲು ಇಂಚಿಗಿಂತ ಕೂದಲೆಳೆಯಷ್ಟು ಸಣ್ಣ. ಅಷ್ಟು ಸಾಕು: ನಟ್ ಬಿಗಿಯಾಗುತ್ತದೆ, ಕೈಗೂ ಬಿಗಿಯೆನಿಸುತ್ತದೆ, ಕಡ್ಡಿ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ.

"ನಾವೂ ಇದನ್ನ ಕಾಲಿಂಚು ಅಂತ್ಲೇ ಮಾರೋದು ಕಣ್ರೀ, ಎಲ್ರೂ ಅಂಗೇ ಅನ್ನೋದು," ಎಂದರು ಅಂಗಡಿಯವರು, ತುಸು ಗಾಬರಿಯಿಂದ. ಆಮೇಲೆ ಆರು ಮಿಲಿಮೀಟರಿನ ಕಾಲೆಟ್ಟುಗಳನ್ನೇ ಆರಿಸಿ ಒಂದೊಂದಾಗಿ ತೊಡಿಸಿ ನೋಡಿದರು. ಒಂದು ಸಲೀಸಾಗಿ ಒಳಗಿಳಿಯಿತು, ನಟ್ಟೂ ಕೂತಿತು. ಬಿಟ್ ಹಾಕಿ ಬಿಗಿದು ಇಕ್ಕಳದಿಂದ ಎಳೆದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ. "ಕೂತ್ಕೊಂಡ್ಬುಡ್ತು ನೋಡಿ!" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಓಡಿದೆ. ಅಪ್ಪನ ಕೈ ಸೀಳಿದ ಆ ಬಿಟ್ಟನ್ನು ಅವರು ಎಸೆದಿರಲಿಲ್ಲ, ಬಟ್ಟೆ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದರು. ಅಳೆದೆ. ಅದೂ ಆರೇ.

ಮಾರನೆಯ ದಿನ ಚಿಕ್ಕಪ್ಪನ ಮುಂದೆ ಹಳೆಯ ಕಾಲೆಟ್ಟನ್ನೂ ಆ ಬಿಟ್ಟನ್ನೂ ಇಟ್ಟು ವಿಷಯ ಹೇಳಿದೆ. ಅವರು ಕಡ್ಡಿಯನ್ನು ಕೊಳವೆಯೊಳಗೆ ತೂರಿಸಿ ಅಲ್ಲಾಡಿಸಿದರು. ಲೊಟಲೊಟ ಅಂದಿತು. ಮತ್ತೆ ಅಲ್ಲಾಡಿಸಿದರು.

"ಅಂದ್ರೆ ನಾನು ಬಿಗಿ ಮಾಡಿದ್ದೆ."

"ಮಾಡಿದ್ರಿ ಚಿಕ್ಕಪ್ಪ. ಯಾರು ಮಾಡಿದ್ರೂ ನಿಲ್ತಿರ್ಲಿಲ್ಲ."

"ನಂಗೇ ಅನುಮಾನ ಬಂದ್ಬುಟ್ಟಿತ್ತು ಕಣಮ್ಮ, ಮಾಡಿದ್ನೋ ಇಲ್ವೋ ಅಂತ," ಎಂದು ಕನ್ನಡಕ ತೆಗೆದರು. "ಅಣ್ಣ ಬೈದ್ಬುಟ್ಟಿದ್ರೆ ಚೆನ್ನಾಗಿತ್ತು. ಜಗಳ ಆಡಿ ಅಲ್ಲೇ ಇದ್ಬುಡ್ತಿದ್ದೆ."

ಚಿಕ್ಕಮ್ಮ ಕಾಫಿ ತಂದಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, "ಕುಡೀರಿ, ಆರೋಗತ್ತೆ," ಎಂದರು. ಚಿಕ್ಕಪ್ಪ ಲೋಟ ಬರಿದು ಮಾಡಿ ಉಸಿರುಬಿಟ್ಟರು. ಮನೆ ಬಿಟ್ಟ ಮೇಲೆ ಆ ಮನೆಯ ಮಾತನ್ನು ಎಂದೂ ಎತ್ತದಿದ್ದವರು, ತಾವಾಗಿ ಹಿತ್ತಲಿನ ನುಗ್ಗೆಮರದಿಂದ ಶುರು ಮಾಡಿದರು. ಅಣ್ಣನ ಸೈಕಲ್ಲು, ಅಜ್ಜಿಯ ನಶ್ಯದ ಡಬ್ಬಿ, ಬಚ್ಚಲ ಹಂಡೆ ಒಂದೊಂದಾಗಿ ಬಂದವು. ಶೆಡ್ಡಿನ ಕಿಟಕಿ ಬೆಟ್ಟದ ಕಡೆಗಿತ್ತು ಅಂದರು. ಬೀದಿ ಕಡೆಗೆ ಅಂದರು ಚಿಕ್ಕಮ್ಮ. ಕಿಟಕಿಯೇ ಇರಲಿಲ್ಲವೆಂದು ನನ್ನ ನೆನಪು. ಸರಿ ಯಾವುದೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಚಿಕ್ಕಪ್ಪ ಪಟ್ಟು ಬಿಡದೆ, ನಗುನಗುತ್ತ ವಾದಿಸುತ್ತಲೇ ಇದ್ದರು.