ರಾಗ್ನಿಯ ಬಂದೂಕು ಮತ್ತು ಅಡ್ಡ ತಿರುಗಿದ ಸಾಗರ

ಉತ್ತರ ಧ್ರುವದ ಹತ್ತಿರವಿರುವ ನಮ್ಮ ನಾರ್ವೆಯ ಊರು ಲಾಂಗ್‌ಇಯರ್‌ಬ್ಯೆನ್‌ನ ಚಳಿಯಲ್ಲಿ ಮೀನಿನಂತೆ ದ್ವೇಷವೂ ಬೇಗ ಕೆಡುವುದಿಲ್ಲ. ನಮ್ಮ ಪಕ್ಕದ ಮನೆಯ ರಾಗ್ನಿ ತನ್ನದನ್ನು ಇಡೀ ಒಂದು ವರ್ಷ ತಾಜಾ ಇಟ್ಟಿದ್ದಳು. ಗಣಿಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸಾರು ಕುದಿಸಿ, ಐವತ್ತು ದಾಟಿದ ಮೇಲೆ ಬಂದೂಕು ಹಿಡಿದು, ಭೂವಿಜ್ಞಾನಿಗಳನ್ನು ಹಿಮಕರಡಿಗಳಿಂದ ಕಾಯಲು ಹೊರಟವಳು.

ಕಾಯುತ್ತ ಕಾಯುತ್ತ ಅವಳಿಗೂ ಕಲ್ಲಿನ ಹುಚ್ಚು ಹತ್ತಿತು. ಕಡಲಂಚಿನ ಬಿಳಿ ಮರಳುಗಲ್ಲನ್ನು ಸೀಳಿ ನಿಂತಿದ್ದ ಕರಿಗಲ್ಲಿನ ಗೋಡೆಯನ್ನು ಮೊದಲು ಕಂಡವಳು ಅವಳೇ. ಕೋಟ್ಯಂತರ ವರ್ಷಗಳ ಹಿಂದೆ ಸಾಗರ ಬಾಯಿ ತೆರೆಯುವಾಗ ನೆಲ ಬಿರಿದು, ಬಿರುಕಿಗೆ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದ ಗೋಡೆ ಅದು. ಅದು ಓಡುವ ದಿಕ್ಕು ಅಳೆದರೆ ಸಾಗರ ಯಾವ ಕಡೆಗೆ ತೆರೆಯಿತೆಂದು ತಿಳಿಯುತ್ತದೆ. ಅವಳು ಕಾಯುತ್ತಿದ್ದ ತಂಡದ ಪ್ರೊಫೆಸರ್ ಹಲ್ವಾರ್ಡ್ ಅದನ್ನು ತನ್ನ ಶೋಧವೆಂದು ಪ್ರಕಟಿಸಿದ. ಲೇಖನದ ಕೊನೆಯಲ್ಲಿ ದೋಣಿಯವನಿಗೂ ನಾಯಿಗೂ ಕೃತಜ್ಞತೆ. ರಾಗ್ನಿಯ ಹೆಸರೇ ಇಲ್ಲ.

"ಕೇಳಿದ್ಯಾ ಅವನನ್ನ?" ಎಂದೆ.

"ಕೇಳ್ದೆ. 'ಕಣ್ಣಿಗೆ ಬಿದ್ದಿದ್ದೆಲ್ಲ ಶೋಧ ಆಗಲ್ಲಮ್ಮ, ಅಳತೆ ಬೇಕು' ಅಂದ. ಆಯ್ತು ಮಹರಾಯ, ಅಳತೇಲೇ ನೋಡ್ಕೋತೀನಿ ನಿನ್ನ."

ಮುಂದಿನ ಬೇಸಿಗೆಗೆ ಹಲ್ವಾರ್ಡ್ ಅಂಥವೇ ಮೂವತ್ತು ಗೋಡೆ ಅಳೆಯಲು ಬಂದ. ಕಾವಲಿಗೆ ರಾಗ್ನಿ. ಕಾವಲಿನವರು ತನ್ನಿಂದ ಎರಡು ಹೆಜ್ಜೆಗಿಂತ ದೂರ ಸರಿಯಬಾರದೆಂಬ ನಿಯಮ ಅವನದೇ. ಕರಡಿಯೆಂದರೆ ಅವನಿಗೆ ಅಷ್ಟು ಭಕ್ತಿ. ನಮ್ಮ ವೀರವನಿತೆ ನಿಯಮವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪಾಲಿಸಿದಳು. ಅವನು ದಿಕ್ಸೂಚಿ ತೆಗೆದಾಗಲೆಲ್ಲ ಬಂದೂಕಿನ ಉಕ್ಕಿನ ನಳಿಗೆ ಅವನ ಮೊಣಕೈ ಪಕ್ಕದಲ್ಲೇ. ಧ್ರುವದ ಹತ್ತಿರ ದಿಕ್ಸೂಚಿಯ ಮುಳ್ಳು ಮೊದಲೇ ಬಡಪಾಯಿ. ಉಕ್ಕು ಕಂಡರೆ ಮಾವನ ಮನೆ ಕಂಡ ಅಳಿಯನಂತೆ ಅತ್ತ ವಾಲುತ್ತದೆ.

"ಇನ್ನೂ ಹತ್ರ ಬಾ, ಅಲ್ಲೇನೋ ಬೆಳ್ಳಗೆ ಕಾಣ್ತಿದೆ!" ಎನ್ನುವನು ಅವನು.

"ಬಂದೆ, ಬಂದೆ. ಹೆದರ್ಬೇಡ ಕಂದಾ."

ಅವನು ಕಾಫಿಗೆ ಕೂತಾಗ ಅವಳು ಬಿಸಿಲಿನ ನೆರಳನ್ನೂ ಕೈಗಡಿಯಾರವನ್ನೂ ನೋಡಿ ಸರಿಯಾದ ದಿಕ್ಕನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಸೂರ್ಯನಿಗೆ ಉಕ್ಕಿನ ಮೋಹವಿಲ್ಲ.

ಚಳಿಗಾಲದಲ್ಲಿ ಓಸ್ಲೋದ ಸಭೆಯೊಂದರಲ್ಲಿ ಹಲ್ವಾರ್ಡ್ ತನ್ನ ನಕ್ಷೆ ತೂಗುಹಾಕಿದ. ಅವನ ಸಾಗರ ಅಡ್ಡಡ್ಡ ತೆರೆದು ಗ್ರೀನ್‌ಲ್ಯಾಂಡಿನ ಪಕ್ಕೆಗೆ ಗುದ್ದಿತ್ತು. "ಅಳೆಯೋವಾಗ ಹತ್ರ ಕಬ್ಬಿಣ ಏನಾದ್ರೂ ಇತ್ತಾ?" ಎಂದು ಯಾರೋ ಕೇಳಿದರು. ಸಭೆ ಹೊಟ್ಟೆ ಹಿಡಿದು ನಕ್ಕಿತು.

ಹಲ್ವಾರ್ಡ್ ಸಿಕ್ಕ ಮೊದಲ ವಿಮಾನ ಹತ್ತಿ ಬಂದು, ಬಾಗಿಲಲ್ಲಿ ಬೂಟು ಬಿಚ್ಚಿ, ಬರೀ ಕಾಲುಚೀಲದಲ್ಲಿ ರಾಗ್ನಿಯ ಅಡುಗೆಮನೆಯಲ್ಲಿ ನಿಂತ. ನಾನೂ ಅಲ್ಲಿದ್ದೆ, ಇಂಥದ್ದನ್ನು ಬಿಡುವುದುಂಟೇ?

"ಬೇಕಂತಲೇ ಮಾಡ್ದೆ ನೀನು!"

"ನಿನ್ನ ನಿಯಮ ಮೀರ್ಲಿಲ್ಲಪ್ಪ ನಾನು. ಸರಿಯಾದ ಅಳತೆ ಬೇಕಾ? ಮೂವತ್ತೂ ಇದೆ. ಕೂತ್ಕೋ, ಪೆನ್ ತೆಗಿ. ತಿದ್ದುಪಡಿ ಬರಿ. ಮೊದಲ್ನೇ ಸಾಲು: ಆ ಗೋಡೆ ಕಂಡುಹಿಡಿದೋಳು ರಾಗ್ನಿ ಹೌಗ್‌ಸ್ಟಾಡ್."

ಅವನು ಹಲ್ಲು ಕಡಿದು ಬರೆದ. ಅಕ್ಷರ ಸಣ್ಣದಾಯಿತೆಂದು ಅವಳು ಹಾಳೆ ಹರಿದಳು. ಮೂರನೆಯ ಹಾಳೆಯಲ್ಲಿ ಹೆಸರು ಒಲೆಯ ಪಕ್ಕ ಕೂತಿದ್ದ ನನಗೂ ಓದುವಷ್ಟು ದೊಡ್ಡದಾಗಿ ಬಂತು. ಆಗ ಅಳತೆಯ ಪುಸ್ತಕವನ್ನು ಅವನ ಮುಂದೆ ತಳ್ಳಿ, ಬಿಸಿ ವಾಫಲ್‌ಗಳಿದ್ದ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.