ರ‍್ಯಾಪ್ ಹಾಡಿಗೊಬ್ಬ ಕಂಡಕ್ಟರು

ಭಟ್ಕಳ ಪಕ್ಕದ ಹೆಬಳೆಯ ನಿವೃತ್ತ ಕಂಡಕ್ಟರ್ ಬೀರಪ್ಪನವರು ಭಟ್ಕಳದ ಹುಡುಗರು ಕರಾವಳಿಯ ಊರುಗಳ ಮೇಲೆ ಮಾಡಿದ ರ‍್ಯಾಪ್ ಹಾಡನ್ನು ಕೇಳುವುದಿಲ್ಲ, ತಪಾಸಣೆ ಮಾಡುತ್ತಾರೆ. ಮೂವತ್ತು ವರ್ಷ ಕುಮಟಾ-ಭಟ್ಕಳ ಬಸ್ಸಿನ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗಿದ ಬಾಯಿ ಅದು. ವೀಡಿಯೋದಲ್ಲಿ ಕುಮಟಾದ ಮೀನು ಮಾರ್ಕೆಟ್ ಮುಗಿದೊಡನೆ ಮುರುಡೇಶ್ವರದ ಗೋಪುರ ಕಂಡರೆ, ‘ಹೋಯ್, ಹೊನ್ನಾವರ ಎಂತಕ್ಕೆ ಬಿಟ್ಟೆ? ಶರಾವತಿ ಹಾರ್ಕಂಡು ಬಂದ್ಯಾ?’ ಎಂದು ಮೊಬೈಲಿಗೇ ದಬಾಯಿಸುತ್ತಾರೆ. ಆಮೇಲೆ ಹೊನ್ನಾವರ ಬಂದರೆ, ‘ಬಸ್ಸು ಹಿಂದೆ ತಿರುಗಿಸಿದ್ದು ಯಾರ್ರಾ?’ ಬೈಯುತ್ತಲೇ ದಿನಕ್ಕೆ ಹತ್ತು ಸಲ ಹಾಕುತ್ತಾರೆ. ಹಾಡು ಭಟ್ಕಳದಲ್ಲಿ ಮುಗಿದಾಗ ಮಾತ್ರ ಮುಖ ಬಾಡುತ್ತದೆ. ಹೆಬಳೆಯ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಆಗ ಗಂಟಲು ಸರಿಮಾಡಿಕೊಂಡು ತಾವೇ ಕೂಗುತ್ತಾರೆ: ‘ಹೆಬಳೆ, ಹೆಬಳೆ! ಯಾರು ಇಳಿಯೋರು?’ ಅವರದೇ ಬಸ್ಸಿನಲ್ಲಿ ಹೆಬಳೆಗೆ ಮದುವಣಗಿತ್ತಿಯಾಗಿ ಬಂದಿಳಿದಿದ್ದ ಹೆಂಡತಿ ಗಣಪಿ, ಒಳಗೆ ಮೀನು ಕೊಯ್ಯುತ್ತಲೇ, ಒಂದು ಸಲವೂ ತಪ್ಪದೆ ಹೇಳುತ್ತಾಳೆ: ‘ನಾ ಇಳೀತೆ, ನಿಲ್ಸಿ.’