ಕೊಸರಿಗೆ ಬಂದ ಮೀನು

ಮೀನು ಸಾಕುವವರಿಗೆ ನಾನು ಮೊದಲು ಹೇಳುವ ಮಾತೆಂದರೆ, ಸಿಹಿ ನೀರು ಹುಡುಕಿಕೊಂಡು ಅಲೆಯಬೇಡಿ. ನಮ್ಮ ಮನೆಯ ಬೋರಿನ ನೀರಿನಲ್ಲಿ ತೊಗರಿಬ್ಯಾಳಿ ಬೇಯುತ್ತಿರಲಿಲ್ಲ. ಹಂಡೆಯ ಒಳಗೆ ಸುಣ್ಣ ಬಳಿದಂತೆ ಬಿಳಿ ಪದರು ಕಟ್ಟುತ್ತಿತ್ತು. ಅದಕ್ಕೇ ನಾನು ಶಾಣ್ಯಾತನ ಮಾಡಿ ಕೆರೆಯ ನೀರು ಹೊರಿಸಿ ತಂದು ಮೀನಿನ ಪೆಟ್ಟಿಗೆಗೆ ತುಂಬಿಸಿದ್ದೆ. ಮೀನುಗಳು ಮೂಲೆಗೆ ಸೇರಿ ಬಣ್ಣಗೆಟ್ಟು ನಿಂತವು, ಎರಡು ಸತ್ತವು. ನೀರು ಹೊರುವವನು ಬಾರದ ದಿನ, ಆದದ್ದಾಗಲಿ ಎಂದು ಬೋರಿನ ನೀರನ್ನೇ ಸುರುವಿದೆ. ಉಳಿದವು ವಾರದೊಳಗೆ ಮದುಮಕ್ಕಳ ಹಾಗೆ ಹೊಳೆಯತೊಡಗಿದವು. ಆಫ್ರಿಕಾದ ಸಿಕ್ಲಿಡ್ ಜಾತಿಗೆ ಇಂಥ ಗಡಸು ನೀರೇ ಬೇಕಂತೆ. ನನಗೆ ಯಾರೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಸವಣೂರಿನ ಎಲೆ ವ್ಯಾಪಾರಿಗೆ ಆಫ್ರಿಕಾದ ಮೀನು ಯಾಕೆ ಬೇಕಾಯಿತು ಎಂದು ಆಗ ಊರೆಲ್ಲ ಕೇಳಿತ್ತು. ಎಂಬತ್ತರ ದಶಕ ಅರ್ಧ ದಾಟಿದ ಕಾಲ. ನಾನು ತೋಟಗಳಲ್ಲಿ ವೀಳ್ಯದೆಲೆ ಖರೀದಿ ಹಿಡಿದು, ಬುಟ್ಟಿ ತುಂಬಿ, ಒದ್ದೆ ಗೋಣಿ ಸುತ್ತಿ, ಯಲವಿಗಿ ಸ್ಟೇಷನ್ನಿನಿಂದ ಮುಂಬೈಗೆ ಕಳಿಸುತ್ತಿದ್ದೆ. ಸಾಲಿ ಕಲಿತವನಲ್ಲ. ನನಗೆ ವ್ಯಾಪಾರ ಕಲಿಸಿದವಳು ಅಕ್ಕ. ಅವ್ವ ಬೇಗ ಹೋದಳು, ಅಕ್ಕ ಗಂಡನನ್ನು ಕಳೆದುಕೊಂಡು ತಿರುಗಿ ಬಂದಳು, ನನ್ನನ್ನು ಬೆಳೆಸಿದಳು. ಎಲೆ ಆರಿಸಲು ಕುಳಿತರೆ ಅವಳ ಬೆರಳಿಗೇ ಕಣ್ಣಿದ್ದವು. ಕಟ್ಟಿನ ನಡುವೆ ಯಾರೋ ತುರುಕಿದ ಮಾಸಿದ ಎಲೆಯನ್ನು ನೋಡದೆಯೇ ಎಳೆದು ಒಗೆಯುತ್ತಿದ್ದಳು. "ಕಳಿ ಇಲ್ಲದ್ದನ್ನ ಯಾರರ ಪುಕ್ಕಟ ಕೊಟ್ರೂ ಯಾಕ ಕೊಡಾಕತ್ತಾನಂತ ನೋಡಬೇಕು ತಮ್ಮಾ" ಎನ್ನುತ್ತಿದ್ದಳು.

ಒಂದು ಮುಂಜಾನೆ ಹಾಗೆ ಎಲೆ ಆರಿಸುತ್ತಿದ್ದವಳು ಕುಳಿತಲ್ಲೇ ವಾಲಿದಳು. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಎಲ್ಲ ಹೋದವು. ಪಡಸಾಲೆಯಲ್ಲಿ ಹೊರಸು ಹಾಕಿ ಮಲಗಿಸಿದೆವು. ಅವಳು ಗೋಡೆಗೆ ಮುಖ ಮಾಡಿದಳು. ಚಮಚ ಬಾಯಿಯ ಹತ್ತಿರ ತಂದರೆ ತುಟಿ ಬಿಗಿದು ಹಲ್ಲು ಕಚ್ಚುತ್ತಿದ್ದಳು. ಹಾನಗಲ್ಲಿನ ಡಾಕ್ಟರನ್ನು ಕಾರು ಮಾಡಿ ಕರೆತಂದೆ.

"ಬಾಯಿಲೆ ತಿಂದ್ರ ಉಳಿತಾರ. ತಿನ್ನಲಿಲ್ಲಂದ್ರ ನನ್ನ ಕೈಯಾಗ ಏನಿಲ್ಲ" ಎಂದರು.

"ಎಂಥಾ ತುಟ್ಟಿ ಇಂಜೆಕ್ಷನ್ ಆದ್ರೂ ಹಾಕ್ರಿ ಸಾಹೇಬ್ರ. ಹಿಂದ ಮುಂದ ನೋಡಬ್ಯಾಡ್ರಿ."

"ಇದೇನ ಸಂತಿ ಅಲ್ರಿ ಸಾವ್ಕಾರ್ರ. ಎಡಗೈ ಚಲೋ ಐತಲ್ಲ, ಚಮಚಾ ಕೊಟ್ಟು ನೋಡ್ರಿ. ತಾವ ತಿಂತಾರ."

ನಾನು, ನನ್ನ ಹೆಂಡತಿ ಮುಖ ಮುಖ ನೋಡಿಕೊಂಡೆವು. ಎಡಗೈಲಿ ಊಟ! ಸಣ್ಣವನಿದ್ದಾಗ ಎಡಗೈಯಿಂದ ರೊಟ್ಟಿ ಮುಟ್ಟಿದರೆ ಅಕ್ಕ ಆ ಕೈ ಮೇಲೆ ಚಟ್ಟನೆ ಹೊಡೆಯುತ್ತಿದ್ದಳು. ಡಾಕ್ಟರು ಅಷ್ಟು ಹೇಳಿದ್ದನ್ನು ಕೇಳಿಯೇ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಆ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಆ ತಿಂಗಳು ವ್ಯವಹಾರಕ್ಕೆ ಮುಂಬೈಗೆ ಹೋದಾಗ ನಮ್ಮ ಎಲೆ ಮಾರಿಕೊಡುವ ಅಡತಿಯವರ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆ ಕಂಡೆ. ಒಳಗೆ ನೀಲಿ, ಹಳದಿ ಮೀನುಗಳು. ಎದುರಿಗೆ ಅಡತಿಯವರ ಮುದಿ ತಂದೆ ಕುಳಿತು, ಮೀನು ನೋಡುತ್ತ ನೋಡುತ್ತ ಒಂದು ತಾಟು ಅನ್ನ ಸುಮ್ಮನೆ ಮುಗಿಸಿಬಿಟ್ಟರು. ನಾನು ಆ ತಾಟನ್ನೇ ನೋಡುತ್ತಿದ್ದೆ. ವಿಳಾಸ ಕೇಳಿಕೊಂಡು ನೆಟ್ಟಗೆ ಮೀನಿನ ಅಂಗಡಿಗೆ ಹೋದೆ.

ಅಂಗಡಿಯವನು, ಇವು ಆಫ್ರಿಕಾದ ಒಂದು ಕೆರೆಯ ಮೀನು, ಜಗಳಗಂಟ ಜಾತಿ, ತುಂಬ ಒಯ್ದರೆ ಜಗಳ ಹಂಚಿಹೋಗುತ್ತದೆ, ಈ ಮಾಸಲು ಬಣ್ಣದವನ್ನೂ ಜೊತೆಗೆ ಒಯ್ಯಿರಿ ಎಂದ. ನನಗೆ ನಗು ಬಂತು. ಕಟ್ಟಿನ ನಡುವೆ ಮಾಸಿದ ಎಲೆ ತುರುಕುವವರನ್ನು ನಾನು ಕಾಣದವನೇ? ಹೊಳೆಯುವವನ್ನಷ್ಟೇ ಬೆರಳು ಮಾಡಿ ತೋರಿಸಿ ಆರಿಸಿದೆ. ಒಂದು ತಾಸು ಚೌಕಾಸಿ ಮಾಡಿದೆ. ಕೊನೆಗೆ ಅವನು ಬೇಸತ್ತು ಒಂದು ಕಂದು ಮೀನನ್ನು ಕೊಸರೆಂದು ಚೀಲಕ್ಕೆ ಬಿಟ್ಟ. ಬೇಡವೆನ್ನಲು ಮನಸ್ಸು ಬರಲಿಲ್ಲ. ಹೊಳೆಯುವವೆಲ್ಲ ಗಂಡು, ಮಾಸಲು ಇದ್ದವು ಹೆಣ್ಣು ಎಂಬುದು ತಿಳಿಯುವ ಹೊತ್ತಿಗೆ ಮುಂಬೈ ದೂರವಿತ್ತು.

ಗಾಳಿ ತುಂಬಿದ ಚೀಲಗಳನ್ನು ಖಾಲಿ ಎಲೆಬುಟ್ಟಿಯಲ್ಲಿ ಒದ್ದೆ ಗೋಣಿ ಸುತ್ತಿ ಯಲವಿಗಿಯಲ್ಲಿ ಇಳಿಸಿದೆ. ಫೋಟೋಕ್ಕೆ ಕಟ್ಟು ಹಾಕುವವನು ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ನೀರು ಸೋರದಂತೆ ಸಂದಿಗೆ ಲಾಂಬಿ ಹಚ್ಚಿ ಪೆಟ್ಟಿಗೆ ಮಾಡಿಕೊಟ್ಟ. ಹಂಸಭಾವಿ ಕಡೆಗೆ ಹೋದಾಗ ಹಳ್ಳದ ಕಲ್ಲು ಹೇರಿಕೊಂಡು ಬಂದು ಒಡ್ಡು ಹಾಕಿದ ಹಾಗೆ ಜೋಡಿಸಿದೆ. ಅಕ್ಕನ ಹೊರಸನ್ನು ತಿರುಗಿಸಿ ಪೆಟ್ಟಿಗೆಯ ಎದುರಿಗೆ ಹಾಕಿದೆವು.

ಅಕ್ಕ ಮೊದಲ ದಿನ ನೋಡಲಿಲ್ಲ. ಆಮೇಲೆ ನೋಡಿದಳು. ಆಮೇಲೆ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡತೊಡಗಿದಳು. ನೋಡುತ್ತಿರುವಾಗ ಹೆಂಡತಿ ನುಚ್ಚು ಮಜ್ಜಿಗೆ ಕಲಸಿ ಸಣ್ಣಗೆ ತುಟಿಗೆ ತಾಗಿಸಿದರೆ, ಮೈಮೇಲೆ ಎಚ್ಚರವಿಲ್ಲದವಳಂತೆ ಬಾಯಿ ತೆರೆಯುತ್ತಿದ್ದಳು. ಮೀನಿನ ಕಾಳು ಹಾಕುವ ಕೆಲಸವನ್ನು ಅವಳ ಎಡಗೈಗೇ ಕೊಟ್ಟೆವು. ಮೀನಿಗೆ ಎಡಗೈ ನಡೆಯುತ್ತದಲ್ಲ. ಅಕ್ಕ ಉಳಿದಳು ಎಂದುಕೊಂಡೆ.

ಆದರೆ ಆ ಮೀನುಗಳ ಜಗಳ ಕೇಳಬೇಡಿ. ದೊಡ್ಡ ನೀಲಿಯೊಂದು ಅರ್ಧ ಪೆಟ್ಟಿಗೆ ತನ್ನದೆಂದು ಹಿಡಿದಿತ್ತು. ಉಳಿದವುಗಳ ರೆಕ್ಕೆ ಬಾಲ ಹರಿದು ಬತ್ತಿಯಾಗಿದ್ದವು. ಹಿರೇಕೆರೂರ ಸಂತೆಯಲ್ಲಿ ಎರಡು ಕಡೆಯ ದಲ್ಲಾಳಿಗಳನ್ನು ಕೂರಿಸಿ ರಾಜಿ ಮಾಡಿಸಿದವನು ನಾನು. ಈ ಬೆರಳುದ್ದದ ಪ್ರಾಣಿಯ ಮುಂದೆ ನನ್ನ ಯಾವ ಮಾತೂ ನಡೆಯಲಿಲ್ಲ. ಕಲ್ಲಿನ ಸಂದಿ ಹೆಚ್ಚಿಸಿದೆ, ಒಡಕು ಗಡಿಗೆ ಇಟ್ಟೆ. ನೀಲಿ ಅವುಗಳನ್ನೂ ತನ್ನ ಆಸ್ತಿಗೆ ಸೇರಿಸಿಕೊಂಡಿತು. ಕೊಸರಿನ ಕಂದು ಮೀನು ಮಾತ್ರ ಅಕ್ಕನ ಕಡೆಯ ಗಾಜಿಗೆ ಅಂಟಿಕೊಂಡಂತೆ ಇರುತ್ತಿತ್ತು. ಅಕ್ಕನ ಕಣ್ಣೂ ಅದರ ಮೇಲೆಯೇ.

ಒಂದು ದಿನ ಆ ಮೀನು ತಿನ್ನುವುದನ್ನು ನಿಲ್ಲಿಸಿತು. ಗದ್ದ ಊದಿಕೊಂಡಿತ್ತು. ಕಾಳು ಮೂಗಿಗೆ ಬಂದರೂ ಬಾಯಿ ತೆರೆಯದು. ಅಂದಿನಿಂದ ಅಕ್ಕನೂ ತುಟಿ ಬಿಗಿದಳು.

ಗೋಧಿ ಹಿಟ್ಟಿನ ಗುಳಿಗೆ ಮಾಡಿದೆ, ಎರೆಹುಳು ಕತ್ತರಿಸಿ ಹಾಕಿದೆ, ಬೇಯಿಸಿದ ತತ್ತಿಯ ಹಳದಿ ಹಾಕಿದೆ. ನೀಲಿ ಎಲ್ಲವನ್ನೂ ತಿಂದು ದಪ್ಪಗಾಯಿತು. ದನದ ಡಾಕ್ಟರ ಹತ್ತಿರವೂ ಹೋಗಿಬಂದೆ. "ಆಕಳಾ ಎಮ್ಮಿ ಆಗಿದ್ರ ಕೊಳ್ಳಾಗ ಕೈ ಹಾಕಿ ನೋಡ್ತಿದ್ನಿರಿ" ಎಂದು ನಕ್ಕು ಕಳಿಸಿದರು. ಇತ್ತ ಅಕ್ಕ ಎಡಗೈ ಎತ್ತಿ ಬೆರಳನ್ನು ತನ್ನ ತುಟಿಗೆ ಮುಟ್ಟಿಸುವಳು, ಹೊಟ್ಟೆಗೆ ಮುಟ್ಟಿಸುವಳು, ಮೀನಿನ ಕಡೆ ತೋರಿಸುವಳು.

"ಹಸಿವ್ಯಾಗೇತೇನ ಯಕ್ಕಾ? ನುಚ್ಚು ತರಲೇನು? ಸಜ್ಜಕಾ ಮಾಡಸ್ಲಿ? ಏನ ಬೇಕ ಹೇಳು, ಹುಬ್ಬಳ್ಳಿಯಿಂದ ತರಸ್ತೇನಿ."

ಅವಳು ಕಣ್ಣು ಮುಚ್ಚಿ ತಲೆ ಆಚೆ ಹೊರಳಿಸಿದಳು.

"ಅಲ್ರಿ, ನಿಮ್ಮ ಮುಂದ ಯಾರ ಕೈ ಎತ್ತಿದ್ರೂ ಏನರ ಬೇಡಾಕ ಬಂದಂಗ ಕಾಣ್ತದೇನು?" ಎಂದಳು ಹೆಂಡತಿ. "ಅಕ್ಕಾರು ಬೇಡಾಕತ್ತಿಲ್ಲ, ಹೇಳಾಕತ್ತಾರ." ಅವಳು ಗಾಜಿಗೆ ಹಣೆ ಹಚ್ಚಿ ಆ ಮೀನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದನಿ ಇಳಿಸಿ, "ಅದರ ಬಾಯಾಗ ಕಣ್ಣ ಅದಾವ್ರಿ. ಸಣ್ಣ ಸಣ್ಣ ಕಣ್ಣು. ಮರಿ ಇಟ್ಕೊಂಡೈತಿ, ಅದಕ್ಕ ತಿನ್ನವಲ್ದು" ಎಂದಳು.

ಅಕ್ಕನ ಮುಖ ಅಷ್ಟು ದಿನಗಳಲ್ಲಿ ಮೊದಲ ಸಲ ಸಡಿಲಾಯಿತು. ಆದರೆ ಬಾಯಿ ತೆರೆಯಲಿಲ್ಲ. ನಾನು ಸಣ್ಣವನಿದ್ದಾಗ ಇದ್ದ ರೊಟ್ಟಿ ನನಗೆ ಹಾಕಿ, "ನಂದಾತು, ನೀ ಉಣ್ಣು" ಎನ್ನುತ್ತಿದ್ದವಳು ಅವಳು. ಆ ಹಟ ನನಗೆ ಗೊತ್ತಿತ್ತು. ಆ ಮೀನು ತಿನ್ನುವ ತನಕ ಇವಳು ತಿನ್ನುವುದಿಲ್ಲ. ನೀರು, ಅಷ್ಟಿಷ್ಟು ಹಾಲು, ಅವೂ ಕಟಬಾಯಿಂದ ಇಳಿದುಹೋಗುತ್ತಿದ್ದವು. ಕೈಯ ಕಡಗ ಮೊಣಕೈಗೆ ಜಾರುತ್ತಿತ್ತು. ನಾನು ಪೆಟ್ಟಿಗೆಯ ಮುಂದೆ ಕುಳಿತು ಒಂದು ಮೀನಿನ ಬಾಯಿ ಕಾಯುತ್ತಿದ್ದೆ. ಯಲವಿಗಿಯಲ್ಲಿ ಬುಟ್ಟಿಯ ಎಲೆಗಳು ಒಣಗಿದವೆಂದು ಸುದ್ದಿ ಬಂದರೂ ಏಳಲಿಲ್ಲ.

ಕರೆಂಟು ಹೋಗಿ ಪೆಟ್ಟಿಗೆಯ ನೀರಿಗೆ ಗಾಳಿ ಊದುವ ಪಂಪು ನಿಂತಿದ್ದ ಒಂದು ಮಧ್ಯಾಹ್ನ ಮೀನು ಬಾಯಿ ತೆರೆಯಿತು. ಹೊಗೆ ಬಿಟ್ಟ ಹಾಗೆ ಮರಿಗಳು ಹೊರಬಂದವು. ನೀಲಿ ಬಂತು, ಹಳದಿಯವು ಬಂದವು. ನಾನು ತೋಳು ಮಟ್ಟ ಕೈ ಹಾಕಿದೆ, ಹೆಂಡತಿ ಚಹಾ ಜರಡಿ ಹಾಕಿದಳು, ಕಲ್ಲು ಉರುಳಿ ನೀರು ಬಗ್ಗಡವಾಯಿತು. ಹಿಂದಿನಿಂದ ಅಕ್ಕ ಒಂದು ದನಿ ತೆಗೆದಳು. ಲಕ್ವಾ ಹೊಡೆದ ಮೇಲೆ ಅವಳಿಂದ ನಾವು ಕೇಳಿದ ಮೊದಲ ದನಿ ಅದು. ಮಾತಲ್ಲ. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ನೀರು ತಿಳಿಯಾದಾಗ ಮರಿಗಳಿರಲಿಲ್ಲ. ಕಲ್ಲಿನ ಸಂದಿಯಲ್ಲಿ ಒಂದೆರಡು ಇದ್ದಾವೆಂದು ಹೆಂಡತಿ ಹೇಳಿದಳು. ನನಗೆ ಕಾಣಲಿಲ್ಲ. ಬತ್ತಿಹೋದ ಕಂದು ಮೀನು ಗಾಜಿನ ಹತ್ತಿರ ಬಂದು ನಿಂತಿತ್ತು. ಅಕ್ಕ ಕೈ ನೀಡಿದಳು. ಡಬ್ಬಿ ಹಿಡಿದೆ. ಎಡಗೈಯಿಂದ ಚಿಟಿಕೆ ಕಾಳು ಬಿಟ್ಟಳು. ಮೀನು ಮೇಲೆ ಬಂದು ತಿಂದಿತು, ಮತ್ತೆ ತಿಂದಿತು.

ಇದೇ ಹೊತ್ತೆಂದು ನಾನು ಓಡಿಹೋಗಿ ನುಚ್ಚು ಮಜ್ಜಿಗೆ ತಂದು ಚಮಚ ತುಟಿಗೆ ಹಿಡಿದೆ. ಅವಳು ಅದನ್ನು ತಳ್ಳಿದಳು. ಆ ಕೈ ಹಾಗೇ ಚಾಚಿಕೊಂಡೇ ಇತ್ತು.

"ಎಡಗೈಲೆನ ಯಕ್ಕಾ?" ಎಂದೆ.

"ನೀವು ಒಂದೀಟು ಸುಮ್ಮ ಕುಂತ್ರಿ" ಎಂದಳು ಹೆಂಡತಿ. ಬಟ್ಟಲನ್ನು ಅಕ್ಕನ ಎದೆಯ ಹತ್ತಿರ ದಿಂಬಿಗೆ ಆನಿಸಿ, ಚಮಚವನ್ನು ಆ ಎಡಗೈಗೆ ಕೊಟ್ಟಳು. ಅಕ್ಕ ಉಣ್ಣಲಿಲ್ಲ. ನಮ್ಮಿಬ್ಬರನ್ನು ನೋಡಿ ಗದ್ದದಿಂದ ಆಚೆ ತೋರಿಸಿದಳು. ನಾವು ನೋಡಬಾರದು.

ಅವಳಿಗೆ ಬೆನ್ನು ಹಾಕಿ ಪೆಟ್ಟಿಗೆಯ ಕಡೆ ಮುಖ ಮಾಡಿ ಕುಳಿತೆವು. ಗಾಜಿನಲ್ಲಿ ಅವಳು ಮಸಕಾಗಿ ಕಾಣುತ್ತಿದ್ದಳು. ಕೈ ಮೆಲ್ಲಗೆ ಏಳುತ್ತಿತ್ತು, ಬಾಯಿ ತಪ್ಪಿ ಕೆನ್ನೆಗೆ ಹೋಗುತ್ತಿತ್ತು, ಮಜ್ಜಿಗೆ ಕೊರಳಿಗಿಳಿಯುತ್ತಿತ್ತು. ಅವಳು ಅಳುತ್ತಿದ್ದಳು. ಚಮಚ ಬಟ್ಟಲಿಗೆ ತಾಗುವ ಸಪ್ಪಳ ಮತ್ತೆ ಕೇಳಿತು. ನಾನು ಏಳಲು ಹೋದೆ. ಹೆಂಡತಿ ನನ್ನ ಧೋತರದ ಚುಂಗು ಬಿಗಿಯಾಗಿ ಹಿಡಿದುಕೊಂಡಿದ್ದಳು.